3,072 ಚೌಕಗಳಲ್ಲಿ ಅಮ್ಮ

ಬಣ್ಣದ ಫೋಟೋ ಒಂದನ್ನು ಹಳೆಯ ಮನೆ ಗಣಕಯಂತ್ರಕ್ಕೆ ಇಳಿಸಿ ಅಚ್ಚು ಹಾಕಿದ ಕತೆ

ಮಂಜೇಶ್ವರದ ಮಳೆಗೆ ಒಂದು ಕೆಟ್ಟ ಚಾಳಿ ಉಂಟು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುವ ಈ ಮಳೆ ಅಡಿಕೆಗೆ ಕೊಳೆರೋಗ ತರುತ್ತದೆ, ಅದು ಎಲ್ಲರಿಗೂ ಗೊತ್ತು. ಬೋರ್ಡೋ ಸಿಂಪಡಿಸಿ ನಾವು ಅದರೊಡನೆ ಗುದ್ದಾಡುತ್ತೇವೆ. ಆದರೆ ಗೋಡೆಯ ಮೇಲಿನ ಫೋಟೋಕ್ಕೆ ಬೂಸು ಹಿಡಿಯುವಾಗ ಯಾರೂ ಗಮನಿಸುವುದಿಲ್ಲ. ಫೋಟೋ ಕಾಗದದ ಮೇಲಿನ ಪದರ ಜೆಲಾಟಿನ್. ಪ್ರಾಣಿಗಳ ಎಲುಬು, ಚರ್ಮದಿಂದ ತೆಗೆದ ಅಂಟು ಅದು. ಬೂಸಿಗೆ ಅದೇ ಔತಣ. ಆಟಿ ತಿಂಗಳು ಮುಗಿದು ಸೋಣ ಬರುವಾಗ ನೋಡಿದರೆ ಅಜ್ಜನ ಮೂಗಿಲ್ಲ, ಅತ್ತೆಯ ಕಿವಿ ಇಲ್ಲ.

ನನ್ನ ಅಮ್ಮನ ಫೋಟೋಕ್ಕೂ ಹೀಗೇ ಆಯಿತು. ಅದು ಅಮ್ಮನ ಒಂದೇ ಒಂದು ಬಣ್ಣದ ಫೋಟೋ. 1983ರಲ್ಲಿ ಹಿಂದೂಪುರದಲ್ಲಿ ಮಾವನ ಮದುವೆಗೆ ಹೋದಾಗ ತೆಗೆಸಿದ್ದು. ಅಮ್ಮ ಮಡಕಶಿರಾ ಕಡೆಯವರು, ತೆಲುಗು ಮನೆಯವರು. ಅಪ್ಪ ಹಿಂದೂಪುರದ ಹೋಟೆಲಿನಲ್ಲಿ ಕೆಲಸಕ್ಕಿದ್ದವರು. ಅಲ್ಲಿಂದಲೇ ಸಂಬಂಧ ಆಗಿ, ಅಮ್ಮ ಈ ಅಡಿಕೆ ತೋಟಕ್ಕೆ ಬಂದರು. ಬಂದ ಮೇಲೆ ಕನ್ನಡ ಕಲಿತರು, ತುಳು ಕಲಿತರು, ಮೀನಿನ ಹೆಂಗಸರ ಹತ್ತಿರ ಮಲಯಾಳವನ್ನೂ ಆಡುತ್ತಿದ್ದರು. ಆದರೆ ನನ್ನನ್ನು ಬೈಯುವಾಗ ಮಾತ್ರ ತೆಲುಗು. 1991ರಲ್ಲಿ ತೀರಿಕೊಂಡರು. 1993ರ ಮಳೆ ಮುಗಿಯುವಾಗ ಫೋಟೋದ ಎಡಗೆನ್ನೆಯ ಮೇಲೆ ಹತ್ತು ಪೈಸೆಯಷ್ಟಗಲ ಬಿಳಿ ಮಚ್ಚೆ ಎದ್ದಿತ್ತು.

ಪೇಟೆಯ ಸ್ಟುಡಿಯೋದಲ್ಲಿ ಕೇಳಿದೆ. 'ಕಾಪಿ ತೆಗೀಬಹುದು, ಆದ್ರೆ ಬೂಸು ಸಮೇತ ಬರ್ತದೆ' ಅಂದರು. ಕೈಯಲ್ಲಿ ತಿದ್ದಿಸುವುದಕ್ಕೆ ಅವರು ಹೇಳಿದ ದುಡ್ಡು ನನ್ನ ಹತ್ತಿರ ಇರಲಿಲ್ಲ. ಹಿಂದೂಪುರದ ಸ್ಟುಡಿಯೋ ಮುಚ್ಚಿ ಕಾಲವಾಗಿತ್ತು, ನೆಗೆಟಿವ್ ಎಲ್ಲಿಂದ ತರುವುದು?

ಗಲ್ಫಿನಿಂದ ಬಂದ ಪೆಟ್ಟಿಗೆ

ಆಗ ಸಿಕ್ಕಿದವರು ನೆರೆಮನೆಯ ಬ್ಯಾರಿ ಅಣ್ಣ. ಏಳೆಂಟು ವರ್ಷ ಗಲ್ಫಿನಲ್ಲಿ ದುಡಿದು ಬಂದವರು. ಎಲ್ಲರೂ ಟೇಪ್ ರೆಕಾರ್ಡರ್, ಅತ್ತರು, ಕಂಬಳಿ ತಂದರೆ ಇವರು ಅದರೊಟ್ಟಿಗೆ ಒಂದು 'ಸಖ್ರ್' ಗಣಕಯಂತ್ರವನ್ನೂ ತಂದಿದ್ದರು. ಕುವೈತಿನ ಅಲ್ ಅಲಾಮಿಯಾ ಎಂಬ ಕಂಪೆನಿಯ ಹೆಸರಿನಲ್ಲಿ ಅರಬ್ ದೇಶಗಳಲ್ಲಿ ಮಾರಾಟವಾಗುತ್ತಿದ್ದ ಯಂತ್ರ ಅದು. ಜಪಾನಿನಲ್ಲಿ 1983ರಲ್ಲಿ ಪ್ರಕಟವಾದ ಎಂಎಸ್ಎಕ್ಸ್ ಎಂಬ ಜಾತಿಗೆ ಸೇರಿದ್ದು. ಬೇರೆ ಬೇರೆ ಕಂಪೆನಿಯವರು ಮಾಡಿದರೂ ಒಂದರ ಪ್ರೋಗ್ರಾಂ ಇನ್ನೊಂದರಲ್ಲಿ ನಡೆಯಬೇಕು ಎಂಬುದು ಆ ಜಾತಿಯ ನಿಯಮ.

ಈಗಿನವರಿಗೆ ಅದನ್ನು ಗಣಕಯಂತ್ರ ಎಂದರೆ ನಗು ಬಂದೀತು. ಟೈಪ್‌ರೈಟರಿನ ಹಾಗೆ ಒಂದು ಕೀಲಿಮಣೆ, ಅದರ ಹೊಟ್ಟೆಯೊಳಗೇ ಎಲ್ಲ. ಪರದೆ ಬೇಕಾದರೆ ಮನೆಯ ಟಿವಿಗೆ ತಂತಿ ಸಿಕ್ಕಿಸಬೇಕು. ಬರೆದದ್ದನ್ನು ಉಳಿಸಬೇಕಾದರೆ ಹಾಡಿನ ಕ್ಯಾಸೆಟ್ಟೇ ಗತಿ. ಕೀಲಿಗಳ ಮೇಲೆ ಇಂಗ್ಲಿಷ್ ಅಕ್ಷರದ ಪಕ್ಕ ಅರಬಿ ಅಕ್ಷರ. ಅರಬಿಯನ್ನು ಬಲದಿಂದ ಎಡಕ್ಕೆ ಬರೆಯುತ್ತಿತ್ತು, ಅಕ್ಷರಗಳನ್ನು ಒಂದಕ್ಕೊಂದು ಕೂಡಿಸುತ್ತಿತ್ತು ಕೂಡ. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚು. ಅರಬಿಗೆ ಬರುವುದಾದರೆ ಕನ್ನಡಕ್ಕೆ ಎಂತಕ್ಕೆ ಬರಬಾರದು?

'ಇದ್ರಲ್ಲಿ ಫೋಟೋ ಬರ್ತದಾ?' ಎಂದು ಕೇಳಿದೆ.

'ಫೋಟೋ ಬರ್ಲಿಕ್ಕಿಲ್ಲ ಮಾರಾಯ್ರೆ, ಇದಕ್ಕೆ ಕಣ್ಣಿಲ್ಲ. ಲೆಕ್ಕ ಬರ್ತದೆ. ಅಮ್ಮನನ್ನು ಲೆಕ್ಕ ಮಾಡಿ ತನ್ನಿ, ತೋರಿಸ್ತದೆ' ಎಂದರು.

ಅಮ್ಮನನ್ನು ಲೆಕ್ಕ ಮಾಡುವುದು ಎಂದರೇನು? ಆ ದಿವಸ ನನಗೆ ಅರ್ಥವಾಗಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಪಾಸಾದದ್ದೇ ದೇವರ ದಯೆಯಿಂದ.

ಚುಕ್ಕಿ ರಂಗೋಲಿಯ ಲೆಕ್ಕ

ಅವರು ಹೇಳಿಕೊಟ್ಟದ್ದು ಹೀಗೆ. ನಮ್ಮ ಹೆಂಗಸರು ಅಂಗಳದಲ್ಲಿ ರಂಗೋಲಿ ಇಡುವಾಗ ಮೊದಲು ಚುಕ್ಕಿ ಇಡುತ್ತಾರೆ. ಹದಿನೈದು ಸಾಲು, ಹದಿನೈದು ಚುಕ್ಕಿ ಎಂದು ಬಾಯಲ್ಲಿ ಹೇಳಿದರೆ ಸಾಕು, ಹತ್ತು ಮೈಲಿ ದೂರದ ಇನ್ನೊಬ್ಬಳು ಅದೇ ರಂಗೋಲಿ ಇಡುತ್ತಾಳೆ. ಚಿತ್ರ ಹೋಗಲಿಲ್ಲ, ಲೆಕ್ಕ ಹೋಯಿತು. ಗಣಕಯಂತ್ರಕ್ಕೆ ಚಿತ್ರ ಇಳಿಸುವುದೂ ಇಷ್ಟೇ. ಚಿತ್ರವನ್ನು ಚೌಕ ಚೌಕ ಮಾಡಿ, ಒಂದೊಂದು ಚೌಕದ ಬಣ್ಣಕ್ಕೆ ಒಂದು ಅಂಕೆ ಬರೆದರಾಯಿತು.

ಇದನ್ನು ಲೋಕದಲ್ಲಿ ಮೊದಲು ಮಾಡಿದವರು ಅಮೆರಿಕದ ರಸೆಲ್ ಕಿರ್ಶ್. 1957ರಲ್ಲಿ ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದಾಗ, ತಮ್ಮ ಮೂರು ತಿಂಗಳ ಮಗುವಿನ ಫೋಟೋವನ್ನು ಅಡ್ಡ 176, ಉದ್ದ 176 ಚೌಕ ಮಾಡಿ ಯಂತ್ರಕ್ಕೆ ಉಣಿಸಿದರು. ಅದು ಕಪ್ಪು ಬಿಳುಪು. ಗಣಕಯಂತ್ರ ಕಂಡ ಮೊದಲ ಫೋಟೋ ಯಾವ ರಾಜನದ್ದೂ ಅಲ್ಲ, ಯಾವ ಮಂತ್ರಿಯದ್ದೂ ಅಲ್ಲ, ಒಂದು ಮನೆಯ ಕೂಸಿನದ್ದು. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ನಂತರ. ಗೊತ್ತಾದಾಗ ಮನಸ್ಸಿಗೆ ಹಿತವಾಯಿತು.

ನಮ್ಮ ಯಂತ್ರದ ಪರದೆಯಲ್ಲಿ ಅಡ್ಡ 256, ಉದ್ದ 192 ಚುಕ್ಕಿ. ಗುಣಿಸಿದರೆ 49,152. ಅಷ್ಟನ್ನು ಕೈಯಲ್ಲಿ ಬರೆದರೆ ಅಡಿಕೆ ಕೊಯ್ಲು ಎರಡಾಗಿ ಹೋದೀತು. ಮೇಲಾಗಿ ಆ ಯಂತ್ರಕ್ಕೆ ಒಂದು ಜಿಪುಣತನ ಇತ್ತು. ನಯವಾದ ಚಿತ್ರದ ಕ್ರಮದಲ್ಲಿ, ಅಡ್ಡಕ್ಕೆ ಒಟ್ಟಿಗಿರುವ ಎಂಟು ಚುಕ್ಕಿಗಳಿಗೆ ಎರಡೇ ಬಣ್ಣ ಕೊಡುತ್ತಿತ್ತು. ಮೂರನೆಯ ಬಣ್ಣ ಹಾಕಹೋದರೆ ಪಕ್ಕದ್ದಕ್ಕೂ ಬಳಿದುಕೊಳ್ಳುತ್ತಿತ್ತು. ನೆನಪಿನ ಜಾಗ ಉಳಿಸಲಿಕ್ಕೆ ಮಾಡಿದ ಉಪಾಯ ಅದು. ಇನ್ನೊಂದು ಒರಟು ಕ್ರಮ ಇತ್ತು. ಅದರಲ್ಲಿ ಅಡ್ಡ 64, ಉದ್ದ 48 ದೊಡ್ಡ ಚೌಕ. ಪ್ರತಿ ಚೌಕಕ್ಕೂ ಬೇಕಾದ ಬಣ್ಣ ಹಾಕಬಹುದು. ಒಟ್ಟು 3,072 ಚೌಕ. ಅದನ್ನೇ ಹಿಡಿದೆವು.

ಶಾಲೆ ಪುಸ್ತಕಕ್ಕೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಸೂಜಿಯಿಂದ ಗೆರೆ ಎಳೆದು ಫೋಟೋದ ಮೇಲೆ ಹಾಸಿದೆ. ನಡುವಿನ 40 ಕಂಬದಲ್ಲಿ ಅಮ್ಮ, ಆಚೆ ಈಚೆ 12-12 ಕಂಬ ಸ್ಟುಡಿಯೋದ ನೀಲಿ ಪರದೆ. 200 ಪುಟದ ನೋಟ್ ಪುಸ್ತಕ ತಂದು ಪೆನ್ಸಿಲಿನಲ್ಲಿ ಬರೆಯತೊಡಗಿದೆ. ಬಣ್ಣಗಳಿಗೆ ಅಂಕೆ ಮೊದಲೇ ಗೊತ್ತುಮಾಡಿಟ್ಟದ್ದು: 1 ಎಂದರೆ ಕಪ್ಪು, 5 ತಿಳಿನೀಲಿ, 8 ಕೆಂಪು, 12 ಗಾಢ ಹಸುರು, 15 ಬಿಳಿ. ಒಂಬತ್ತು ದಾಟಿದ ಮೇಲೆ ಎರಡಂಕೆ ಬೇಡವೆಂದು ಎ, ಬಿ, ಸಿ ಎಂದು ಎಫ್ ತನಕ ಅಕ್ಷರ. ಒಂದು ಚೌಕಕ್ಕೆ ಒಂದೇ ಗುರುತು. ಸಾಲಿಗೆ 64 ಗುರುತು, ಒಟ್ಟು 48 ಸಾಲು.

ಸೀರೆ ಸುಲಭ, ತಲೆಕೂದಲು ಸುಲಭ, ಮಲ್ಲಿಗೆ ಸುಲಭ. ಕುಂಕುಮ ಎರಡು ಚೌಕ ಮಾತ್ರ. ಕಷ್ಟ ಆದದ್ದು ಮೋರೆ. ಆ ಯಂತ್ರದ ಹದಿನೈದು ಬಣ್ಣಗಳಲ್ಲಿ ನಮ್ಮವರ ಮೈಬಣ್ಣ ಎಂಬುದೇ ಇಲ್ಲ! ತಿಳಿಗೆಂಪು ಉಂಟು, ಗಾಢ ಹಳದಿ ಉಂಟು. ಆಗ ಒಂದು ಚೌಕ ಇದು, ಒಂದು ಚೌಕ ಅದು ಎಂದು ಚೆಸ್ ಮಣೆಯ ಹಾಗೆ ಇಟ್ಟೆವು. ಹತ್ತಿರದಿಂದ ನೋಡಿದರೆ ಸಿಡುಬು ಎದ್ದ ಹಾಗೆ. ನಾಲ್ಕು ಹೆಜ್ಜೆ ಹಿಂದೆ ಹೋದರೆ ಎರಡೂ ಕೂಡಿ ಗೋಧಿ ಬಣ್ಣ. ಅಚ್ಚಿನವರು, ಗಣಕದವರು ಎಲ್ಲರೂ ಮಾಡುವ ಉಪಾಯವೇ ಇದು. ಇರುವ ಬಣ್ಣದ ಚುಕ್ಕಿಗಳನ್ನು ಬೆರಕೆ ಮಾಡಿ ಇಲ್ಲದ ಬಣ್ಣವನ್ನು ಕಣ್ಣಿಗೆ ತೋರಿಸುವುದು. ಈ ಪತ್ರಿಕೆಯ ಬಣ್ಣದ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿ, ಚುಕ್ಕಿಗಳೇ ಕಾಣುತ್ತವೆ.

ಬೂಸು ತಿಂದ ಕೆನ್ನೆಯ ಚೌಕಗಳನ್ನು ಬಲಗೆನ್ನೆ ನೋಡಿ ತುಂಬಿದೆ. ಸ್ಟುಡಿಯೋದವರು ಆಗುವುದಿಲ್ಲ ಎಂದದ್ದು ಪೆನ್ಸಿಲಿನಲ್ಲಿ ಆಯಿತು.

ಕರೆಂಟು, ಕ್ಯಾಸೆಟ್ಟು

ಬರೆದು ಮುಗಿಸಲು ನನಗೆ ಹನ್ನೊಂದು ರಾತ್ರಿ ಬೇಕಾಯಿತು. ಕೀಲಿಮಣೆಯಲ್ಲಿ ಕುಟ್ಟಲು ಕುಳಿತದ್ದು ಒಂದು ಭಾನುವಾರ. ನಾನು ಓದುವುದು, ಅಣ್ಣ ಕುಟ್ಟುವುದು. 31 ಸಾಲು ಆದಾಗ ಕರೆಂಟು ಹೋಯಿತು. ಯಂತ್ರಕ್ಕೆ ವಿದ್ಯುತ್ ಇಲ್ಲದಿದ್ದರೆ ನೆನಪೂ ಇಲ್ಲ. ಕ್ಯಾಸೆಟ್ಟಿಗೆ ಉಳಿಸಿರಲಿಲ್ಲ. ಇಬ್ಬರೂ ಕತ್ತಲೆಯಲ್ಲಿ ಒಬ್ಬರನ್ನೊಬ್ಬರು ಬೈಯದೆ ಕುಳಿತೆವು.

ಮರುದಿನ ಪುನಃ ಮೊದಲಿನಿಂದ. ಈ ಬಾರಿ ಹತ್ತು ಸಾಲಿಗೊಮ್ಮೆ ಕ್ಯಾಸೆಟ್ಟಿಗೆ. ಆ ಕ್ಯಾಸೆಟ್ಟನ್ನು ಟೇಪಿನಲ್ಲಿ ಹಾಕಿ ಕೇಳಿದರೆ ಹಾಡಿಲ್ಲ, ಮಳೆಗಾಲದ ಜೀರುಂಡೆಯ ಹಾಗೆ ಕಿರ್ ಎಂದು ಒಂದೇ ಸ್ವರ. ಇಡೀ ಅಮ್ಮ ಒಂದು ನಿಮಿಷದೊಳಗೆ ಹರಿದು ಹೋಗುತ್ತಿದ್ದರು.

48 ಸಾಲೂ ಆದ ಮೇಲೆ ಓಡಿಸು ಎಂಬ ಆಜ್ಞೆ ಕೊಟ್ಟರು. ಟಿವಿಯ ಮೇಲೆ ಎಡಮೂಲೆಯಿಂದ ಒಂದೊಂದೇ ಚೌಕ ಬೀಳತೊಡಗಿತು. ಮೊದಲು ನೀಲಿ, ನಂತರ ಕಪ್ಪು ಕೂದಲು, ಬಿಳಿ ಹೂ. ಹತ್ತಿರ ಕುಳಿತ ನನಗೆ ಕಂಡದ್ದು ಬರೇ ಇಟ್ಟಿಗೆ ಗೋಡೆ. ಇಷ್ಟು ದಿನದ ಶ್ರಮ ನೀರಿಗೆ ಹೋಯಿತು ಎಂದುಕೊಂಡು ಎದ್ದು ಹೊರಗೆ ಹೋದೆ. ಜಗಲಿಯಿಂದ ತಿರುಗಿ ನೋಡಿದರೆ, ಬಾಗಿಲಿನ ಚೌಕಟ್ಟಿನೊಳಗೆ, ಅಮ್ಮ.

ತೆಲುಗಿನಲ್ಲಿ 'ದೂರಪು ಕೊಂಡಲು ನುನುಪು' ಎನ್ನುತ್ತಾರೆ. ನಮ್ಮಲ್ಲೂ ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಉಂಟು. ಎರಡೂ ಕಡೆ ಅದನ್ನು ಬೈಗುಳದ ಹಾಗೆ ಹೇಳುತ್ತಾರೆ. ಆ ದಿವಸ ನನಗೆ ಅದು ವರದ ಹಾಗೆ ಕೇಳಿತು. ಇದಕ್ಕೆ ಶಾಸ್ತ್ರವೂ ಉಂಟು. ಅಮೆರಿಕದ ಬೆಲ್ ಪ್ರಯೋಗಾಲಯದ ಲಿಯಾನ್ ಹಾರ್ಮನ್ ಎಂಬವರು ಅಬ್ರಹಾಂ ಲಿಂಕನ್‌ರ ಮುಖವನ್ನು ಕೆಲವೇ ನೂರು ಚೌಕಗಳಲ್ಲಿ ತೋರಿಸಿ 1973ರಲ್ಲಿ ಪ್ರಕಟಿಸಿದ್ದರು. ಹತ್ತಿರದಲ್ಲಿ ಚೌಕದ ಅಂಚುಗಳೇ ಕಣ್ಣಿಗೆ ಚುಚ್ಚುತ್ತವೆ, ಅವು ಮುಖವನ್ನು ಮುಚ್ಚುತ್ತವೆ. ದೂರ ಹೋದಾಗ ಅಂಚು ಅಳಿಸಿ ಮುಖ ಉಳಿಯುತ್ತದೆ. ಯಕ್ಷಗಾನದ ಬಣ್ಣದ ವೇಷವನ್ನು ಚೌಕಿಯಲ್ಲಿ ನೋಡುವುದಕ್ಕೂ ರಂಗಸ್ಥಳದಲ್ಲಿ ನೋಡುವುದಕ್ಕೂ ಇರುವ ವ್ಯತ್ಯಾಸವೇ ಇದು.

ಬೆಳಕಿನ ಬಣ್ಣ ಬೇರೆ, ಶಾಯಿಯ ಬಣ್ಣ ಬೇರೆ

ಟಿವಿಯಲ್ಲಿ ಬಂದರೆ ಸಾಲದು, ಗೋಡೆಗೆ ಬೇಕಲ್ಲ? ಬಣ್ಣದ ಪ್ರಿಂಟರುಗಳು ಆಗ ಲೋಕದಲ್ಲಿ ಇರಲಿಲ್ಲವೆಂದಲ್ಲ. ಎಚ್.ಪಿ.ಯವರ ಶಾಯಿ ಚಿಮ್ಮುವ ಡೆಸ್ಕ್‌ಜೆಟ್ 500ಸಿ 1991ರಲ್ಲೇ ಬಂದಿತ್ತು. ಇಂಚಿಗೆ 720 ಚುಕ್ಕಿ ಇಡುವ ಎಪ್ಸನ್ ಸ್ಟೈಲಸ್ ಕಲರ್ 1994ರಲ್ಲಿ ಬಂತು. ಆದರೆ ಅವೆಲ್ಲ ನಮ್ಮ ಕೈಗೆ ಎಟಕುವ ಮಾವಿನಹಣ್ಣಲ್ಲ. ಮಂಗಳೂರಿನಲ್ಲಿ ಬಿಲ್ ಮುದ್ರಿಸುವ ಪರಿಚಯದವರಿಂದ ಒಂಬತ್ತು ಸೂಜಿಯ ಕಪ್ಪು ಪ್ರಿಂಟರೊಂದನ್ನು ಎರಡು ದಿನಕ್ಕೆ ತಂದರು. ಮೊಣಕಾಲ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ.

ಆ ಪ್ರಿಂಟರ್ ಅಕ್ಷರ ಹೊಡೆಯುವುದು ಸೂಜಿಯಿಂದ. ಸೂಜಿ ಹೋಗಿ ಶಾಯಿಯ ರಿಬ್ಬನ್ನಿಗೆ ಕುಟ್ಟುತ್ತದೆ, ರಿಬ್ಬನ್ ಕಾಗದಕ್ಕೆ ತಾಗುತ್ತದೆ. ಹಾಗಾದರೆ ರಿಬ್ಬನ್ ಬದಲಿಸಿದರೆ ಬಣ್ಣ ಬದಲಾಗಬೇಕಷ್ಟೆ! ಒಂದೇ ಕಾಗದವನ್ನು ಮೂರು ಬಾರಿ ಓಡಿಸುವುದು. ಒಮ್ಮೆ ಹಳದಿ, ಒಮ್ಮೆ ಕೆಂಪು, ಒಮ್ಮೆ ನೀಲಿ.

ಇದು ಹೊಸ ಉಪಾಯವೇನಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಹಾಕಿದ ಕಲ್ಲಚ್ಚಿನ ಮುದ್ರಣಾಲಯದಲ್ಲಿ ಲಕ್ಷ್ಮಿ, ಸರಸ್ವತಿಯರು ಹುಟ್ಟಿದ್ದು ಹೀಗೆಯೇ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಅದೇ ಕಾಗದದ ಮೇಲೆ ಮತ್ತೆ ಮತ್ತೆ ಅಚ್ಚು. ನಮ್ಮ ಅಂಗಡಿಗಳ ಗಲ್ಲಾಪೆಟ್ಟಿಗೆಯ ಮೇಲಿನ ದೇವರ ಪಟಗಳೆಲ್ಲ ಆ ವಂಶದವು.

ಇಲ್ಲಿ ಒಂದು ಮಾತು ವಿವರಿಸಬೇಕು. ಟಿವಿಯಲ್ಲಿ ಕೆಂಪು ಬೆಳಕು, ಹಸುರು ಬೆಳಕು ಕೂಡಿದರೆ ಹಳದಿಯಾಗುತ್ತದೆ. ನಂಬಿಕೆ ಬಾರದಿದ್ದರೆ ಪರದೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಆದರೆ ಕೆಂಪು ಶಾಯಿ, ಹಸುರು ಶಾಯಿ ಕೂಡಿಸಿದರೆ ಗೋಮಯದ ಬಣ್ಣ. ಬೆಳಕು ಕೂಡಿಸುತ್ತ ಹೋದರೆ ಬಿಳಿಯತ್ತ ಹೋಗುತ್ತದೆ, ಶಾಯಿ ಕೂಡಿಸುತ್ತ ಹೋದರೆ ಕಪ್ಪಿನತ್ತ. ಪರದೆಯಲ್ಲಿ ಕಂಡ ಬಣ್ಣ ಕಾಗದದಲ್ಲಿ ಬರಲಿಲ್ಲ ಎಂದು ಇವತ್ತಿಗೂ ಮದುವೆ ಕಾಗದದವರ ಹತ್ತಿರ ಜಗಳ ಮಾಡುತ್ತೇವಲ್ಲ, ಅದರ ಮೂಲ ಇಲ್ಲಿದೆ. ಅಚ್ಚಿನವರು ಬಳಸುವುದು ಹಳದಿ, ಆಕಾಶನೀಲಿ, ಮತ್ತು ದಾಸವಾಳದ ಗುಲಾಬಿಗೆ ಹತ್ತಿರದ ಮೆಜೆಂಟಾ. ಮೂರೂ ಕೂಡಿದರೂ ಸರಿಯಾದ ಕಪ್ಪು ಬರುವುದಿಲ್ಲ, ಕೆಸರು ಬಣ್ಣ ಬರುತ್ತದೆ. ಅದಕ್ಕೇ ನಾಲ್ಕನೆಯದಾಗಿ ಕಪ್ಪು. ವೇಷಧಾರಿಗಳು ಅರದಾಳದ ಹಳದಿ, ಇಂಗಳೀಕದ ಕೆಂಪು, ಸಫೇದದ ಬಿಳಿ ಕಲಸಿ ಮೋರೆಗೆ ಬಳಿದ ಮೇಲೂ ಹುಬ್ಬು ಮೀಸೆಗೆ ಕಾಡಿಗೆ ಬೇರೆಯೇ ಇಟ್ಟುಕೊಂಡದ್ದು ಇದೇ ತಿಳಿವಳಿಕೆಯಿಂದ.

ನಮಗೆ ಸಿಕ್ಕಿದ್ದು ಸ್ಟ್ಯಾಂಪ್ ಪ್ಯಾಡಿನ ಕೆಂಪು ಮತ್ತು ನೀಲಿ. ಹಳೆ ರಿಬ್ಬನ್ ತೊಳೆದು, ಒಣಗಿಸಿ, ಶಾಯಿ ಉಣಿಸಿದೆವು. ಹಳದಿ ಎಲ್ಲಿಯೂ ಸಿಗಲಿಲ್ಲ. ಕೊನೆಗೆ ಅಣ್ಣನ ತಾಯಿ ಹೇಳಿದರು: 'ಅರಿಸಿನ ಉಂಟಲ್ಲ?' ಅರಿಸಿನದ ಬಣ್ಣ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಡುತ್ತದೆ. ತೆಂಗಿನೆಣ್ಣೆಯಲ್ಲಿ ಕಾಯಿಸಿ, ಮಸ್ಲಿನ್ ಬಟ್ಟೆಯಲ್ಲಿ ಎರಡು ಸಲ ಸೋಸಿ, ರಿಬ್ಬನ್ನಿಗೆ ಸವರಿದೆವು. ಬೇರೆಯವರ ಪ್ರಿಂಟರಿಗೆ ಹೀಗೆ ಮಾಡಬಾರದು, ಓದುಗರು ದಯವಿಟ್ಟು ನಮ್ಮನ್ನು ಅನುಸರಿಸಬೇಡಿ.

ಒಂದು ಚೌಕಕ್ಕೆ ಅಡ್ಡ 7, ಉದ್ದ 8, ಒಟ್ಟು 56 ಸೂಜಿ ಚುಕ್ಕಿ. ಗಾಢ ಬೇಕಾದಲ್ಲಿ 56ನ್ನೂ ಹೊಡೆಯುವುದು, ತಿಳಿ ಬೇಕಾದಲ್ಲಿ 28 ಅಥವಾ 14. ಒಂದು ಬಣ್ಣ ಮುಗಿದ ಮೇಲೆ ಕಾಗದವನ್ನು ಹಿಂದಕ್ಕೆ ಸುತ್ತಿ ಅದೇ ಜಾಗಕ್ಕೆ ತರಬೇಕು. ಅಂಚಿನ ತೂತಿಗೆ ಪೆನ್ಸಿಲ್ ಗುರುತು ಹಾಕಿಕೊಂಡಿದ್ದೆವು. ಮೊದಲ ಪ್ರತಿಯಲ್ಲಿ ಕೆಂಪು ಒಂದು ಕೂದಲೆಳೆ ಸರಿದು, ಅಮ್ಮನ ಕುಂಕುಮ ಹುಬ್ಬಿನ ಮೇಲೆ ಇಳಿಯಿತು. ಎರಡನೆಯದು ಹರಿಯಿತು. ಮೂರನೆಯದು ಸರಿಬಂತು. ಕಾಗದಕ್ಕೆ ತೆಂಗಿನೆಣ್ಣೆಯ ಪರಿಮಳ, ಅಮ್ಮನ ತಲೆಯ ಹಾಗೇ.

ಎರಡು ಲಿಪಿ, ಒಂದೇ ಮಾತು

ಪಟದ ಕೆಳಗೆ ಹೆಸರು ಬೇಕೆಂದು ನನ್ನ ಹಟ. ಯಂತ್ರಕ್ಕೆ ಕನ್ನಡ ಬಾರದು, ತೆಲುಗು ಬಾರದು. ಅಕ್ಷರವನ್ನೂ ಚಿತ್ರವಾಗಿಯೇ ಇಳಿಸಬೇಕು. ಅಡ್ಡ 16, ಉದ್ದ 16 ಚೌಕದಲ್ಲಿ 'ಅಮ್ಮ' ಎಂದು ಕನ್ನಡದಲ್ಲಿ ಚುಕ್ಕಿ ಹಾಕಿದೆ. ಪಕ್ಕದಲ್ಲಿ ತೆಲುಗಿನಲ್ಲಿ. ಮಾತು ಎರಡರಲ್ಲೂ ಒಂದೇ ತಾನೆ? 'ಅ' ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಬಂದದ್ದು 'ಮ'ದ ನೆತ್ತಿಯಲ್ಲಿ. ನಮ್ಮ ತಲೆಕಟ್ಟು ಮಲಗಿಕೊಂಡಿರುತ್ತದೆ, ಅವರದ್ದು ಲೆಕ್ಕದ ಮೇಷ್ಟ್ರ ಸರಿ ಗುರುತಿನ ಹಾಗೆ ಎದ್ದು ನಿಲ್ಲುತ್ತದೆ. ಕೆಲವೇ ಚುಕ್ಕಿ ಬದಲಿಸಿದೆ, ಕನ್ನಡದ ಅಮ್ಮ ತೆಲುಗಿನ ಅಮ್ಮ ಆದಳು. ಎರಡೂ ಭಾಷೆಯಲ್ಲಿ ಪದ್ಯ ಬರೆಯುವ ಹುಚ್ಚು ನನಗೆ ಗಟ್ಟಿಯಾದದ್ದು ಆ ರಾತ್ರಿಯಿಂದ.

ಅಕ್ಷರವನ್ನು ಚಿತ್ರವಾಗಿ ಅಚ್ಚು ಹಾಕುವುದು ನಮ್ಮ ಕರಾವಳಿಗೆ ಹೊಸತಲ್ಲ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ' ಕಲ್ಲಚ್ಚಿನ ಪತ್ರಿಕೆ. ಅಂದರೆ ಮೊಳೆ ಜೋಡಿಸಿದ್ದಲ್ಲ, ಪುಟವನ್ನು ಕೈಯಲ್ಲಿ ಬರೆದು ಕಲ್ಲಿಗೆ ಇಳಿಸಿ ಚಿತ್ರದ ಹಾಗೆ ಒತ್ತಿದ್ದು. ಅದು 1844ರಲ್ಲಿ ಬಳ್ಳಾರಿಗೆ ಹೋಗಿ ಮೊಳೆ ಅಚ್ಚನ್ನು ಕಂಡಿತು. ಕನ್ನಡದ ಮೊದಲ ಪತ್ರಿಕೆ ಮಲಯಾಳದ ಗಡಿಯ ಹತ್ತಿರ ಹುಟ್ಟಿ, ತೆಲುಗಿನ ಗಡಿಯಲ್ಲಿ ಮೊಳೆ ಪಡೆಯಿತು.

ಗಣಕದಲ್ಲಿ ಕನ್ನಡವನ್ನು ಚಿತ್ರದ ದಾಸ್ಯದಿಂದ ಬಿಡಿಸಿದವರಲ್ಲಿ ದೊಡ್ಡ ಹೆಸರು ನಮ್ಮ ಸೀಮೆಯವರದ್ದೇ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್. ತಾನು ಮಾಡಿದ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಧರ್ಮಾರ್ಥ ಹಂಚಿದರು. ಕಿವಿಗೆ ಕೇಳಿದ ಹಾಗೆ ಕುಟ್ಟುವ ಅವರ ಕೀಲಿಮಣೆಯ ವಿನ್ಯಾಸವೇ ಮುಂದೆ ಕರ್ನಾಟಕ ಸರಕಾರ ಒಪ್ಪಿದ ಕೀಲಿಮಣೆಗೆ ತಳಪಾಯವಾಯಿತು.

ಈಗ ಜಗತ್ತಿನ ಎಲ್ಲ ಲಿಪಿಗಳಿಗೂ ಯುನಿಕೋಡ್ ಎಂಬ ಒಂದೇ ಪಟ್ಟಿ ಉಂಟು. ಅದರ ಮೊದಲ ಆವೃತ್ತಿ 1991ರದ್ದು. ಪ್ರತಿ ಅಕ್ಷರಕ್ಕೂ ಒಂದು ಮನೆ ನಂಬ್ರ. ತೆಲುಗಿನ 'ಅ' ಮನೆ ನಂಬ್ರ 3077. ಅದಕ್ಕೆ 128 ಕೂಡಿಸಿದರೆ 3205, ಕನ್ನಡದ 'ಅ'. ಇನ್ನೂ 128 ಕೂಡಿಸಿದರೆ 3333, ಮಲಯಾಳದ 'ಅ'. 'ಮ'ಕ್ಕೂ ಹಾಗೆಯೇ: 3118, 3246, 3374. ಮೂರು ಮನೆಗಳು ಸಾಲಾಗಿ, ನಡುವೆ ಕನ್ನಡ, ಬಲಕ್ಕೆ ಮಲಯಾಳ, ಎಡಕ್ಕೆ ತೆಲುಗು. ಈ ಲೆಕ್ಕ ನೋಡಿದಾಗ ನನಗೆ ನಮ್ಮ ಮನೆಯ ಅಡುಗೆ ಕೋಣೆ ನೆನಪಾಯಿತು. ತುಳುವಿಗೂ 2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಎಂಬ ಹೆಸರಿನಲ್ಲಿ ಆ ಪಟ್ಟಿಯಲ್ಲಿ ಮನೆ ಸಿಕ್ಕಿದೆ. ರಾಷ್ಟ್ರಕವಿ ಗೋವಿಂದ ಪೈಗಳು ಹತ್ತಾರು ಭಾಷೆಗಳನ್ನು ಓದುತ್ತ ಬಾಳಿದ ಊರಿನವರಾದ ನಮಗೆ ಇದು ಸಂತೋಷದ ಸುದ್ದಿ.

ಉಳಿದದ್ದು ಯಾವುದು?

ಪಟವನ್ನು ಸುಣ್ಣ ಬಳಿದ ಗೋಡೆಗೆ ನೇತುಹಾಕಿದೆ. ಮೊದಲ ಮಳೆಗಾಲದಲ್ಲೇ ಗೋಡೆಯ ತೇವಕ್ಕೆ ತಾಗಿದ ಅಂಚಿನಲ್ಲಿ ಹಳದಿ ಕೆಂಪಾಯಿತು. ಅರಿಸಿನಕ್ಕೆ ಸುಣ್ಣ ಸೇರಿದರೆ ಓಕುಳಿಯಲ್ಲವೆ! ಮಧ್ಯದ ಹಳದಿ ಬಿಸಿಲಿಗೆ ಬಿಳಚಿತು. ಮೂರು ವರ್ಷದಲ್ಲಿ ಸ್ಟ್ಯಾಂಪ್ ಶಾಯಿಯೂ ಮಾಸಿ, ಉಳಿದದ್ದು ಕೂದಲಿನ ಕಪ್ಪು ಮಾತ್ರ. ಕ್ಯಾಸೆಟ್ಟಿನ ನಾಡಕ್ಕೆ ಬೂಸು ಹಿಡಿದು ಜೀರುಂಡೆ ಸತ್ತಿತು. ಯಂತ್ರ ಒಂದು ಸಿಡಿಲಿಗೆ ಹೋಯಿತು. ಮೂಲ ಫೋಟೋ ಗಾಜಿಗೆ ಅಂಟಿಕೊಂಡು, ಬಿಡಿಸಹೋದಾಗ ಮೋರೆಯೇ ಗಾಜಿಗೆ ಬಂತು.

2021ರ ಲಾಕ್‌ಡೌನಿನಲ್ಲಿ ಅಟ್ಟ ಗುಡಿಸುವಾಗ ತಗಡಿನ ಪೆಟ್ಟಿಗೆಯಲ್ಲಿ ಆ ನೋಟ್ ಪುಸ್ತಕ ಸಿಕ್ಕಿತು. ಪೆನ್ಸಿಲಿನ ಬರಹ. ಪೆನ್ಸಿಲಿನ ಸೀಸ ಎನ್ನುವುದು ಇದ್ದಿಲಿನ ನೆಂಟ, ಬಿಸಿಲಿಗೆ ಮಾಸದು, ತೇವಕ್ಕೆ ಹರಡದು. 48ರಲ್ಲಿ 46 ಸಾಲು ಸರಿ ಇತ್ತು. 17 ಮತ್ತು 18ನೆಯ ಸಾಲನ್ನು ಗೆದ್ದಲು ತಿಂದಿತ್ತು.

ಮಗಳು ಮೊಬೈಲಿನಲ್ಲೇ ಕುಟ್ಟಿದಳು. ನಾನು ಓದುವುದು, ಅವಳು ಕುಟ್ಟುವುದು. ಅಂಕೆಗಳ ಲೆಕ್ಕದಲ್ಲಿ ಇಡೀ ಅಮ್ಮ 1,536 ಬೈಟ್. ಅರ್ಧ ಗಂಟೆಯಲ್ಲಿ ಅಮ್ಮ ಪರದೆಗೆ ಬಂದರು. ಅದೇ ನೀಲಿ, ಅದೇ ಹಸುರು, ಅದೇ ಇಟ್ಟಿಗೆ ಗೋಡೆ. ಎರಡು ಸಾಲು ಮಾತ್ರ ಖಾಲಿ. 17, 18 ಎಂದರೆ ಕಣ್ಣಿನ ಸಾಲು.

'16ನ್ನೂ 19ನ್ನೂ ನೋಡಿ ಮಧ್ಯದ್ದು ತುಂಬುವ' ಎಂದಳು ಮಗಳು. ಮೇಲಿನ, ಕೆಳಗಿನ ಸಾಲು ನೋಡಿ ನಡುವಿನದ್ದನ್ನು ಊಹಿಸುವುದು ಗಣಕದವರ ಕ್ರಮ. ಕೆನ್ನೆಗೆ, ಪರದೆಗೆ ಅದು ಸರಿಬಂತು. ಕಣ್ಣಿಗೆ ಬರಲಿಲ್ಲ, ಹುಬ್ಬಿನ ಕೆಳಗೆ ಕೆನ್ನೆಯೇ ಬಂತು. ಕಣ್ಣಿನ ಆರೇಳು ಚೌಕವನ್ನು ನಾನು ನೆನಪಿನಿಂದ ಹೇಳಿದೆ. ಸರಿಯೋ ತಪ್ಪೋ, ಹೇಳುವವರು ಈಗ ಯಾರಿದ್ದಾರೆ? ಅಜ್ಜಿಯನ್ನು ಕಾಣದ ಮಗಳು ಫೋನನ್ನು ಕಪಾಟಿನ ಮೇಲಿಟ್ಟು, ಜಗಲಿಗೆ ಹೋಗಿ ತಿರುಗಿ ನೋಡಿದಳು. 'ಅಪ್ಪಾ, ನಿಮ್ಮದೇ ಕಣ್ಣು' ಎಂದಳು.

ಓದುಗರಿಗೆ ನಾಲ್ಕು ಮಾತು

ನಿಮ್ಮ ಮನೆಯಲ್ಲೂ ಇಂಥ ಪಟ ಇದ್ದರೆ ಈ ಮಳೆಗಾಲಕ್ಕೆ ಕಾಯಬೇಡಿ. ಗಾಜಿಗೆ ಅಂಟಿದ್ದರೆ ಕಿತ್ತು ತೆಗೆಯಬೇಡಿ, ಗಾಜಿನ ಮೇಲಿಂದಲೇ ಪ್ರತಿ ಮಾಡಿಸಿ. ಸ್ಕ್ಯಾನ್ ಮಾಡಿಸುವಾಗ ಇಂಚಿಗೆ 600 ಚುಕ್ಕಿ ಎಂದು ಹೇಳಿ. ನಾಲ್ಕು ಇಂಚು ಅಗಲ, ಆರು ಇಂಚು ಉದ್ದದ ಫೋಟೋ ಆಗ 86,40,000 ಚುಕ್ಕಿಯಾಗುತ್ತದೆ. ನಮ್ಮ 3,072ಕ್ಕೆ ಹೋಲಿಸಿದರೆ ಎರಡು ಸಾವಿರದ ಎಂಟುನೂರು ಪಟ್ಟು. ಪ್ರತಿ ಚುಕ್ಕಿಗೂ ಹದಿನೈದರ ಬದಲು 1,67,77,216 ಬಣ್ಣಗಳ ಆಯ್ಕೆ. ಮೂಲ ಪ್ರತಿಯನ್ನು ಟಿಫ್ ಎಂಬ ಕ್ರಮದಲ್ಲಿ ಇಡಿ. ಜೆಪೆಗ್ ಕಳುಹಿಸಲಿಕ್ಕೆ ಒಳ್ಳೆಯದು, ಆದರೆ ತಿದ್ದಿ ತಿದ್ದಿ ಉಳಿಸಿದಷ್ಟೂ ಸವೆಯುತ್ತದೆ. ಪ್ರತಿಯನ್ನು ಮೂರು ಕಡೆ ಇಡಿ, ಅದರಲ್ಲಿ ಒಂದು ಬೇರೆ ಊರಿನಲ್ಲಿರಲಿ. ಫ್ಲಾಪಿ, ಕ್ಯಾಸೆಟ್ಟು, ಸಿ.ಡಿ. ಇದ್ದರೆ ಈಗಲೇ ಇಳಿಸಿಕೊಳ್ಳಿ, ನಾಳೆ ಅದನ್ನು ಓದುವ ಯಂತ್ರ ಸಿಗಲಿಕ್ಕಿಲ್ಲ.

ಮತ್ತು ಫೋಟೋದ ಹಿಂದೆ ಯಾರು, ಎಲ್ಲಿ, ಯಾವ ವರ್ಷ ಎಂದು ಬರೆದಿಡಿ. ಪೆನ್ಸಿಲಿನಲ್ಲಿ ಬರೆಯಿರಿ, ಮೆಲ್ಲಗೆ, ಒತ್ತದೆ. ನಿಮಗೆ ಬರುವ ಯಾವ ಲಿಪಿಯಾದರೂ ಆದೀತು.